ಒಂದು ತೆರೆ, ನಾಲ್ಕು ಮೇಜು

ಕೃಷ್ಣರಾಜನಗರದ ಸುತ್ತಣ ಹಳ್ಳಿಗಳಲ್ಲಿ ಸುಗ್ಗಿ ತೀರಿದ ಮೇಲೆ ‘ಕುರುಕ್ಷೇತ್ರ’ದಂತಹ ಪೌರಾಣಿಕ ನಾಟಕಗಳನ್ನು ಆಡುವುದುಂಟು. ರಂಗಸ್ಥಳವು ನಾಲ್ಕೈದು ಮಾರು ಅಗಲವಿದ್ದರೆ ಅದೇ ಹೆಚ್ಚು. ಆದರೂ ಒಂದೇ ರಾತ್ರಿಯಲ್ಲಿ ಆ ಕಿರಿದಾದ ಸ್ಥಳದಲ್ಲಿ ಹಸ್ತಿನಾವತಿಯ ಸಭೆ, ವಿದುರನ ಮನೆ, ಕಾಡು, ರಣರಂಗ ಇವೆಲ್ಲವೂ ಬಂದು ಹೋಗುತ್ತವೆ. ಒಂದು ಪರದೆ ಮೇಲೇರುತ್ತದೆ, ಇನ್ನೊಂದು ಕೆಳಗಿಳಿಯುತ್ತದೆ. ಅಷ್ಟರಿಂದಲೇ ಸ್ಥಳ ಬದಲಾಗುತ್ತದೆ. ಸಭೆಯ ದೃಶ್ಯ ಮುಗಿದೊಡನೆ ದುರ್ಯೋಧನನ ವೇಷಧಾರಿ ಮನೆಗೆ ಹೊರಟುಹೋಗುವುದಿಲ್ಲ. ಬಣ್ಣವನ್ನು ಅಳಿಸದೆ, ಕಿರೀಟವನ್ನು ಕಳಚದೆ, ಗದೆಯನ್ನು ಪಕ್ಕದಲ್ಲಿಟ್ಟುಕೊಂಡು ಪರದೆಯ ಹಿಂದೆ ಕಾದಿರುತ್ತಾನೆ. ಹಾರ್ಮೋನಿಯಂ ಮೇಷ್ಟರು ಮಾತ್ರ ಯಾವ ದೃಶ್ಯವೇ ಬರಲಿ, ತಮ್ಮ ಸ್ಥಳವನ್ನು ಬಿಟ್ಟು ಕದಲುವುದಿಲ್ಲ.

ಮನೆಯ ಗಣಕಯಂತ್ರದಲ್ಲಿಯೂ ಇಂತಹದೇ ಒಂದು ಏರ್ಪಾಡು ಉಂಟು. ಅದಕ್ಕೆ ವರ್ಚುವಲ್ ಡೆಸ್ಕ್‌ಟಾಪ್ ಎಂದು ಹೆಸರು. ಇದಕ್ಕಾಗಿ ಹೊಸ ಯಂತ್ರವನ್ನಾಗಲಿ, ಹೊಸ ತಂತ್ರಾಂಶವನ್ನಾಗಲಿ ಕೊಳ್ಳಬೇಕಾದುದಿಲ್ಲ. ಕಳೆದ ಕೆಲವು ವರ್ಷಗಳಲ್ಲಿ ಮನೆಗೆ ಬಂದ ಗಣಕಯಂತ್ರಗಳಲ್ಲಿ ಇದು ಬಹುತೇಕವಾಗಿ ಇದ್ದೇ ಇದೆ. ಬಳಸುವವರು ಮಾತ್ರ ವಿರಳ. ಈ ಏರ್ಪಾಡು ಏನು, ಅದು ಹೇಗೆ ಕೆಲಸ ಮಾಡುತ್ತದೆ, ಅದರಿಂದಾಗುವ ಪ್ರಯೋಜನವೆಷ್ಟು, ಅದರ ಮಿತಿ ಎಲ್ಲಿ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಒಂದು ಹಾಳೆಯಷ್ಟು ಮೇಜು

ಡೆಸ್ಕ್‌ಟಾಪ್ ಎಂದರೆ ಮೇಜಿನ ಮೇಲ್ಭಾಗ. ಗಣಕಯಂತ್ರದ ತೆರೆಯನ್ನು ಬರೆಯುವ ಮೇಜೆಂದು ಭಾವಿಸಿ, ಅದರ ಮೇಲೆ ತೆರೆದಿಟ್ಟ ಪ್ರತಿಯೊಂದು ಕಡತವನ್ನೂ ಒಂದೊಂದು ಚೌಕಟ್ಟಿನಲ್ಲಿ ತೋರಿಸುತ್ತಾರೆ. ಈ ಚೌಕಟ್ಟಿಗೆ ವಿಂಡೋ, ಅಂದರೆ ಕಿಟಕಿ, ಎಂಬ ಹೆಸರು ಬಂದಿದೆ. ಹೆಸರೇನೋ ಮೇಜು, ಆದರೆ ಆ ಮೇಜಿನ ಅಳತೆ ಎಷ್ಟು?

ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಲ್ಯಾಪ್‌ಟಾಪಿನ ತೆರೆಯ ಕರ್ಣ ೧೫.೬ ಅಂಗುಲ. ಅದರ ಅಗಲ ಸುಮಾರು ೩೪.೫ ಸೆಂಟಿಮೀಟರ್, ಎತ್ತರ ಸುಮಾರು ೧೯.೪ ಸೆಂಟಿಮೀಟರ್. ಗುಣಿಸಿದರೆ ವಿಸ್ತೀರ್ಣ ಸುಮಾರು ೬೭೦ ಚದರ ಸೆಂಟಿಮೀಟರ್ ಆಗುತ್ತದೆ. ನೀವು ಪ್ರಾಯೋಗಿಕ ವರದಿಯನ್ನು ಬರೆಯುವ ಎ-೪ ಹಾಳೆಯ ವಿಸ್ತೀರ್ಣ ಸುಮಾರು ೬೨೪ ಚದರ ಸೆಂಟಿಮೀಟರ್. ಎಂದರೆ ನಾವು ಮೇಜೆಂದು ಕರೆಯುವ ತೆರೆಯು ಒಂದು ಹಾಳೆಗಿಂತ ಕೊಂಚ ಮಾತ್ರ ದೊಡ್ಡದು! ೧೨೦ ಸೆಂಟಿಮೀಟರ್ ಉದ್ದ, ೬೦ ಸೆಂಟಿಮೀಟರ್ ಅಗಲವುಳ್ಳ ಮರದ ಮೇಜಿನ ಮೇಲಾದರೋ ಇಂತಹ ಹತ್ತು ಹಾಳೆಗಳನ್ನು ಒಂದರ ಮೇಲೊಂದು ಬೀಳದಂತೆ ಹರಡಬಹುದು. ಹತ್ತು ಹಾಳೆಗಳ ಕೆಲಸವನ್ನು ಒಂದು ಹಾಳೆಯ ಜಾಗದಲ್ಲಿ ಮಾಡಹೊರಟರೆ ಕಿಟಕಿಗಳು ಒಂದನ್ನೊಂದು ಮುಚ್ಚಿಕೊಳ್ಳುವುದು ಅನಿವಾರ್ಯ.

ಈ ಇಕ್ಕಟ್ಟಿನಿಂದ ಕೇವಲ ಕಾಲಹರಣವಾಗುತ್ತದೆಂದು ಬಹುಕಾಲ ನಾನು ಎಣಿಸಿದ್ದೆ. ಅದಕ್ಕಿಂತ ದೊಡ್ಡ ಹಾನಿಯೂ ಆಗಬಹುದೆಂಬುದು ನನಗೆ ತಿಳಿದದ್ದು ನನ್ನದೇ ತಪ್ಪಿನಿಂದ. ಒಂದು ದಿನ ತರಗತಿಯಲ್ಲಿ ನಿಮ್ನ ದರ್ಪಣದ ಪಾಠ. ಕಿರಣಗಳು ಚಲಿಸುವ ಚಿತ್ರವೊಂದನ್ನು ಗೋಡೆಯ ಮೇಲೆ ತೋರಿಸಬೇಕೆಂದು ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿಗೆ ಜೋಡಿಸಿದೆ. ತೆರೆಯ ಮೇಲೆ ಹನ್ನೊಂದೋ ಹನ್ನೆರಡೋ ಕಿಟಕಿಗಳು ಒಂದರ ಹಿಂದೊಂದು ಅಡಗಿದ್ದುವು. ಆತುರದಲ್ಲಿ ಒತ್ತಬಾರದುದನ್ನು ಒತ್ತಿದೆ. ಗೋಡೆಯ ಮೇಲೆ ಮೂಡಿದ್ದು ದರ್ಪಣವಲ್ಲ, ಪರೀಕ್ಷಾ ಶುಲ್ಕವನ್ನು ಇನ್ನೂ ಕಟ್ಟದಿದ್ದ ವಿದ್ಯಾರ್ಥಿಗಳ ಪಟ್ಟಿ. ಎದುರಿಗೆ ಬಾಕಿಯ ಮೊತ್ತ. ಅದನ್ನು ಮುಚ್ಚಲು ನನಗೆ ಹತ್ತು ಸೆಕೆಂಡುಗಳು ಹಿಡಿದಿರಬಹುದು. ಆ ಹತ್ತು ಸೆಕೆಂಡುಗಳಲ್ಲಿ ಎಂಬತ್ತು ಮಂದಿ ಅದನ್ನು ಓದಿದರು. ಹೆಗ್ಗಡದೇವನಕೋಟೆಯ ಕಡೆಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಮುಂದಿನ ಎರಡು ದಿನ ತರಗತಿಗೆ ಬರಲಿಲ್ಲ. ಮೂರನೆಯ ದಿನ ಬಂದಾಗ ಅವಳಲ್ಲಿ ಕ್ಷಮೆ ಕೇಳಿದೆ. “ಇರ್ಲಿ ಬಿಡಿ ಸಾರ್, ಸೊಪ್ಪಿನ ದುಡ್ಡು ಬಂದ್ಮೇಲೆ ಕಟ್ತೀವಿ ಅಂತ ನಮ್ಮಪ್ಪ ಹೇಳವ್ರೆ” ಎಂದಳು. ಹೊಗೆಸೊಪ್ಪು ಮಾರಾಟವಾಗುವ ತನಕ ಕೈಯಲ್ಲಿ ಹಣವಿಲ್ಲದ ಮನೆಗಳು ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಎಷ್ಟೋ ಇವೆ. ಅದು ನಾಚಿಕೆಪಡಬೇಕಾದ ವಿಷಯವಲ್ಲ. ಆದರೆ ಅದನ್ನು ಗೋಡೆಯ ಮೇಲೆ ಬರೆಯುವ ಅಧಿಕಾರ ನನಗೆ ಇರಲಿಲ್ಲ. ಪಾಠದ ಮೇಜೂ ಕಚೇರಿಯ ಮೇಜೂ ಒಂದೇ ಆಗಿದ್ದುದು ಈ ಅಚಾತುರ್ಯಕ್ಕೆ ಕಾರಣ.

‘ಮಿಥ್ಯಾ’ ಎಂದರೆ ಸುಳ್ಳೇ?

ವರ್ಚುವಲ್ ಎಂಬ ಶಬ್ದವು ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಹೊಸದಲ್ಲ. ದರ್ಪಣದ ಪಾಠದಲ್ಲಿ ನಾವು ಮಿಥ್ಯಾ ಪ್ರತಿಬಿಂಬವೆಂದು ಹೇಳುವುದು ಇದನ್ನೇ. ಸಮತಲ ದರ್ಪಣದ ಮುಂದೆ ಒಂದು ಮೀಟರ್ ದೂರದಲ್ಲಿ ನಿಂತರೆ ನಿಮ್ಮ ಪ್ರತಿಬಿಂಬವು ದರ್ಪಣದ ಹಿಂದೆ ಒಂದು ಮೀಟರ್ ದೂರದಲ್ಲಿ ಕಾಣುತ್ತದೆ. ಅಲ್ಲಿಗೆ ಬೆಳಕಿನ ಕಿರಣಗಳು ಹೋಗಿಯೇ ಇಲ್ಲ. ಅಲ್ಲಿರುವುದು ಗೋಡೆಯ ಇಟ್ಟಿಗೆ. ಆದುದರಿಂದ ಆ ಪ್ರತಿಬಿಂಬವನ್ನು ತೆರೆಯ ಮೇಲೆ ಹಿಡಿಯಲಾಗದು. ಆದರೂ ಅದು ಸುಳ್ಳಲ್ಲ. ಅದನ್ನು ನೋಡಿಯೇ ನಾವು ತಲೆ ಬಾಚಿಕೊಳ್ಳುತ್ತೇವೆ, ಗಡ್ಡ ಹೆರೆದುಕೊಳ್ಳುತ್ತೇವೆ. ಕಣ್ಣಿನ ಮಟ್ಟಿಗೆ ಅದು ವಸ್ತುವಿನಂತೆಯೇ ವರ್ತಿಸುತ್ತದೆ. ವಸ್ತುತಃ ಇಲ್ಲದೆ ಪರಿಣಾಮದಲ್ಲಿ ಇರುವುದು ಯಾವುದೋ ಅದು ವರ್ಚುವಲ್. ಈ ಅರ್ಥದಲ್ಲಿ ವರ್ಚುವಲ್ ಡೆಸ್ಕ್‌ಟಾಪನ್ನು ನಾವು ‘ಮಿಥ್ಯಾ ಮೇಜು’ ಎಂದು ಕರೆಯಬಹುದು. ನಾಲ್ಕು ಮೇಜುಗಳನ್ನು ಮಾಡಿಕೊಂಡರೆ ಗಾಜಿನ ತೆರೆ ನಾಲ್ಕಾಗುವುದಿಲ್ಲ. ಆದರೆ ನಮ್ಮ ಕೆಲಸದ ಮಟ್ಟಿಗೆ ನಾಲ್ಕು ತೆರೆಗಳಿದ್ದಂತೆಯೇ ಆಗುತ್ತದೆ. ಒಂದು ಕ್ಷಣದಲ್ಲಿ ಕಾಣುವುದು ಮಾತ್ರ ಒಂದೇ.

ಈ ವಿಚಾರ ಹುಟ್ಟಿದ ಬಗೆ

ಇರುವುದು ಸ್ವಲ್ಪ, ಬೇಕಾದುದು ಹೆಚ್ಚು. ಈ ತೊಡಕು ಗಣಕ ವಿಜ್ಞಾನದಲ್ಲಿ ಮೊದಲು ಎದುರಾದುದು ತೆರೆಯಲ್ಲಲ್ಲ, ಯಂತ್ರದ ಸ್ಮೃತಿಯಲ್ಲಿ. ೧೯೬೨ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಕಾರ್ಯಾರಂಭ ಮಾಡಿದ ಆಟ್ಲಾಸ್ ಎಂಬ ಗಣಕಯಂತ್ರದ ವೇಗದ ಸ್ಮೃತಿಯು ಚಿಕ್ಕದು. ತಿರುಗುವ ಉರುಳೆಯ ಮೇಲಿನ ನಿಧಾನದ ಸ್ಮೃತಿಯು ದೊಡ್ಡದು. ಮಾಹಿತಿಯನ್ನು ಪುಟಗಳಾಗಿ ವಿಂಗಡಿಸಿ, ಆಗ ಬೇಕಾದ ಪುಟಗಳನ್ನು ವೇಗದ ಸ್ಮೃತಿಗೆ ತಂದು, ಬೇಡವಾದುವನ್ನು ಉರುಳೆಗೆ ಕಳುಹಿಸುವ ಕೆಲಸವನ್ನು ಯಂತ್ರವೇ ಮಾಡುತ್ತಿತ್ತು. ಬಳಸುವವರಿಗೆ ಎರಡೂ ಸೇರಿ ಒಂದೇ ವಿಸ್ತಾರವಾದ ಸ್ಮೃತಿಯಂತೆ ತೋರುತ್ತಿತ್ತು. ಇದೇ ಮಿಥ್ಯಾ ಸ್ಮೃತಿ. ೧೯೬೮ರಲ್ಲಿ ಪೀಟರ್ ಡೆನಿಂಗ್ ಎಂಬ ವಿಜ್ಞಾನಿಯು ಇದರ ಹಿಂದಿನ ತತ್ತ್ವವನ್ನು ವಿಶದಪಡಿಸಿದನು. ಯಾವ ಕ್ರಮವಿಧಿಯೂ ತನ್ನ ಎಲ್ಲ ಪುಟಗಳನ್ನೂ ಸಮನಾಗಿ ಬಳಸುವುದಿಲ್ಲ. ಸ್ವಲ್ಪ ಕಾಲದವರೆಗೆ ಕೆಲವೇ ಪುಟಗಳ ಒಂದು ಗುಂಪಿನಲ್ಲಿ ಸುತ್ತುತ್ತಿದ್ದು, ಅನಂತರ ಬೇರೊಂದು ಗುಂಪಿಗೆ ಸರಿಯುತ್ತದೆ. ಈ ಗುಂಪಿಗೆ ‘ಕಾರ್ಯನಿರತ ಗಣ’ವೆಂದು ಹೇಳಬಹುದು. ಅದು ಇಡಿಯಾಗಿ ವೇಗದ ಸ್ಮೃತಿಯಲ್ಲಿದ್ದರೆ ಕೆಲಸ ಸುಗಮ. ಇಲ್ಲದಿದ್ದರೆ ಯಂತ್ರವು ಪುಟಗಳನ್ನು ಎತ್ತಿಡುವುದರಲ್ಲಿಯೇ ದಣಿದುಹೋಗುತ್ತದೆ.

ಅದೇ ೧೯೬೮ರ ಡಿಸೆಂಬರ್ ೯ರಂದು ಡಗ್ಲಸ್ ಎಂಗೆಲ್‌ಬಾರ್ಟ್ ಎಂಬಾತನು ಅಮೆರಿಕದ ಸಾನ್ ಫ್ರಾನ್ಸಿಸ್ಕೋ ನಗರದಲ್ಲಿ ಮೌಸ್ ಎಂಬ ಸಾಧನವನ್ನು ಸಾರ್ವಜನಿಕವಾಗಿ ತೋರಿಸಿದನು. ೧೯೭೩ರಲ್ಲಿ ಕ್ಯಾಲಿಫೋರ್ನಿಯದ ಜೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿ ಆಲ್ಟೋ ಎಂಬ ಯಂತ್ರ ಸಿದ್ಧವಾಯಿತು. ಒಂದರ ಮೇಲೊಂದು ಹರಡುವ ಕಿಟಕಿಗಳು ಬೆಳೆದು ಬಂದದ್ದು ಅಂತಹ ಯಂತ್ರಗಳ ಮೇಲೆ. ೧೯೮೪ರ ಮ್ಯಾಕಿಂಟೋಷ್ ಯಂತ್ರವು ಕಿಟಕಿಗಳನ್ನು ಜನಸಾಮಾನ್ಯರ ಬಳಿಗೆ ತಂದಿತು. ಅದರ ತೆರೆಯಲ್ಲಿ ೫೧೨ ಅಡ್ಡಸಾಲು ಬಿಂದುಗಳೂ ೩೪೨ ಕಂಬಸಾಲು ಬಿಂದುಗಳೂ, ಒಟ್ಟು ೧,೭೫,೧೦೪ ಬಿಂದುಗಳಿದ್ದುವು. ಇಂದಿನ ಅಗ್ಗದ ಲ್ಯಾಪ್‌ಟಾಪಿನಲ್ಲಿ ೧೩೬೬ಕ್ಕೆ ೭೬೮ರಂತೆ ೧೦,೪೯,೦೮೮ ಬಿಂದುಗಳಿರುತ್ತವೆ, ಸುಮಾರು ಆರರಷ್ಟು. ಆದರೂ ಇಕ್ಕಟ್ಟು ತೀರಲಿಲ್ಲ. ಜಾಗ ಹೆಚ್ಚಿದಂತೆ ಹರಡುವ ವಸ್ತುಗಳೂ ಹೆಚ್ಚುತ್ತವೆಂಬುದು ಅಟ್ಟ ಕಟ್ಟಿಸಿದ ಮನೆಯವರೆಲ್ಲರಿಗೂ ಗೊತ್ತಿರುವ ಸಂಗತಿ.

೧೯೮೬ರಲ್ಲಿ ಜೆರಾಕ್ಸ್ ಸಂಸ್ಥೆಯ ಆಸ್ಟಿನ್ ಹೆಂಡರ್ಸನ್ ಮತ್ತು ಸ್ಟೂಆರ್ಟ್ ಕಾರ್ಡ್ ಎಂಬ ಸಂಶೋಧಕರು ಒಂದು ಮಹತ್ತ್ವದ ಪ್ರಬಂಧವನ್ನು ಪ್ರಕಟಿಸಿದರು. ಡೆನಿಂಗನು ಸ್ಮೃತಿಯ ಪುಟಗಳ ವಿಷಯದಲ್ಲಿ ಹೇಳಿದುದು ತೆರೆಯ ಕಿಟಕಿಗಳಿಗೂ ಅನ್ವಯಿಸುತ್ತದೆಂಬುದು ಅವರ ವಾದ. ಮನುಷ್ಯನೂ ಒಂದು ಕೆಲಸದಲ್ಲಿ ತೊಡಗಿರುವಾಗ ಕೆಲವೇ ಕಿಟಕಿಗಳ ನಡುವೆ ಓಡಾಡುತ್ತಾನೆ. ಕೆಲಸ ಬದಲಾದಾಗ ಗುಂಪೂ ಬದಲಾಗುತ್ತದೆ. ಹಾಗಾದರೆ ಪ್ರತಿಯೊಂದು ಗುಂಪಿಗೂ ಒಂದೊಂದು ತೆರೆಯನ್ನು ಕೊಟ್ಟರೇನು? ಅವರು ನಿರ್ಮಿಸಿದ ವ್ಯವಸ್ಥೆಯ ಹೆಸರು ‘ರೂಮ್ಸ್’, ಎಂದರೆ ಕೋಣೆಗಳು. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಲು ಬಾಗಿಲುಗಳಿದ್ದುವು. ಎಲ್ಲ ಕೋಣೆಗಳನ್ನೂ ಚಿಕ್ಕದಾಗಿ ಒಮ್ಮೆಗೇ ನೋಡುವ ಸೌಕರ್ಯವಿತ್ತು. ಯಾವ ಕೋಣೆಗೆ ಹೋದರೂ ಜತೆಯಲ್ಲಿಯೇ ಬರಬೇಕಾದ ಕಿಟಕಿಗಳಿಗಾಗಿ ‘ಜೇಬು’ ಎಂಬ ಏರ್ಪಾಡೂ ಇತ್ತು. ನಮ್ಮ ನಾಟಕದ ಹಾರ್ಮೋನಿಯಂ ಮೇಷ್ಟರ ಸ್ಥಾನ ಅದೇ. ನಮ್ಮ ಹಳೆಯ ತೊಟ್ಟಿ ಮನೆಯಲ್ಲಿ ಹಜಾರ, ಅಡುಗೆಮನೆ, ದೇವರಮನೆ, ಕೊಟ್ಟಿಗೆ ಎಂದು ಬೇರೆಬೇರೆಯಾಗಿ ಇರುವುದರ ಉದ್ದೇಶವೂ ಇದೇ ಅಲ್ಲವೆ?

ಮುಂದೆ ಈ ವಿಚಾರವು ನಿಧಾನವಾಗಿ ಹಬ್ಬಿತು. ೧೯೯೩ರಲ್ಲಿ ಬಂದ ಎಫ್‌ವಿಡಬ್ಲ್ಯುಎಂ ಎಂಬ ತಂತ್ರಾಂಶದ ಮೂಲಕ ಲಿನಕ್ಸ್ ಬಳಸುವವರಿಗೆ ಇದು ಪರಿಚಿತವಾಯಿತು. ೨೦೦೭ರಲ್ಲಿ ಆಪಲ್ ಸಂಸ್ಥೆಯ ಮ್ಯಾಕ್ ಯಂತ್ರಗಳಿಗೂ, ೨೦೧೫ರ ಜುಲೈ ೨೯ರಂದು ಹೊರಬಂದ ವಿಂಡೋಸ್ ೧೦ರ ಒಡನೆ ವಿಂಡೋಸ್ ಯಂತ್ರಗಳಿಗೂ ಇದು ಅಂಗವಾಗಿ ಸೇರಿತು. ಪ್ರಬಂಧ ಪ್ರಕಟವಾದ ೨೯ ವರ್ಷಗಳ ತರುವಾಯ ಅದು ಹುಣಸೂರಿನ ಸಾಮಾನ್ಯ ಮನೆಯ ಮೇಜನ್ನು ಮುಟ್ಟಿತೆಂದು ಹೇಳಬಹುದು. ಕಾಸರಗೋಡಿನ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಿಗೆ ಇದರ ಸೌಕರ್ಯ ಅದಕ್ಕೂ ಮೊದಲೇ ದೊರೆತಿತ್ತು. ಏಕೆಂದರೆ ಕೇರಳದ ಸರಕಾರಿ ಶಾಲೆಗಳು ಲಿನಕ್ಸನ್ನು ಮೊದಲೇ ಅಂಗೀಕರಿಸಿದ್ದುವು.

ಒಳಗೆ ನಡೆಯುವುದೇನು?

ಮೇಜನ್ನು ಬದಲಾಯಿಸಿದಾಗ ಯಂತ್ರದ ಒಳಗೆ ಏನಾಗುತ್ತದೆ? ಕೇಳಿದರೆ ಆಶ್ಚರ್ಯವಾಗುವಷ್ಟು ಸರಳ. ಆಪರೇಟಿಂಗ್ ಸಿಸ್ಟಮ್ ಎಂಬ ಮೇಲ್ವಿಚಾರಕ ತಂತ್ರಾಂಶವು ತೆರೆದಿರುವ ಎಲ್ಲ ಕಿಟಕಿಗಳ ಪಟ್ಟಿಯನ್ನು ಇಟ್ಟುಕೊಂಡಿರುತ್ತದೆ. ಪ್ರತಿಯೊಂದು ಕಿಟಕಿಯೂ ಯಾವ ಮೇಜಿಗೆ ಸೇರಿದುದೆಂಬ ಗುರುತು ಆ ಪಟ್ಟಿಯಲ್ಲಿರುತ್ತದೆ. ಲಿನಕ್ಸಿನ ಎಕ್ಸ್ ವಿಂಡೋ ಪದ್ಧತಿಯಲ್ಲಿ ಈ ಗುರುತು ಕೇವಲ ಒಂದು ಸಂಖ್ಯೆ: ಮೊದಲನೆಯ ಮೇಜಿಗೆ ೦, ಎರಡನೆಯದಕ್ಕೆ ೧, ಹೀಗೆ. ಎಲ್ಲ ಮೇಜುಗಳಲ್ಲಿಯೂ ಕಾಣಬೇಕಾದ ಕಿಟಕಿಗೆ ಒಂದು ವಿಶೇಷ ಸಂಖ್ಯೆಯನ್ನು ಕೊಡುತ್ತಾರೆ. ನೀವು ಎರಡನೆಯ ಮೇಜಿಗೆ ಹೋಗಲು ಅಪ್ಪಣೆ ಮಾಡಿದೊಡನೆ ಮೇಲ್ವಿಚಾರಕನು ಪಟ್ಟಿಯನ್ನು ಓದಿ, ೧ ಎಂಬ ಗುರುತಿರುವ ಕಿಟಕಿಗಳನ್ನು ತೋರಿಸಿ ಉಳಿದುವನ್ನು ಮರೆಮಾಡುತ್ತಾನೆ. ಅಷ್ಟೇ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಮರೆಯಾದ ಕಿಟಕಿಯ ಕೆಲಸವು ನಿಂತಿಲ್ಲ. ಪರದೆಯ ಹಿಂದಿನ ದುರ್ಯೋಧನನಂತೆ ಅದು ವೇಷದಲ್ಲಿಯೇ ಇರುತ್ತದೆ. ಮೂರನೆಯ ಮೇಜಿನಲ್ಲಿ ಹಾಡು ನುಡಿಯುತ್ತಿದ್ದರೆ ನೀವು ಮೊದಲನೆಯ ಮೇಜಿನಲ್ಲಿದ್ದರೂ ಕೇಳುತ್ತದೆ. ಇಳಿಸಿಕೊಳ್ಳುತ್ತಿರುವ ಕಡತ ಇಳಿಯುತ್ತಲೇ ಇರುತ್ತದೆ. ಆದುದರಿಂದ ಮೇಜುಗಳನ್ನು ಹೆಚ್ಚಿಸಿದರೆ ಯಂತ್ರದ ಭಾರ ಇಳಿಯುತ್ತದೆಂದು ಭಾವಿಸಬಾರದು.

ಹಾಗಾದರೆ ಭಾರ ಹೆಚ್ಚುತ್ತದೆಯೆ? ಒಂದು ಸ್ಥೂಲವಾದ ಲೆಕ್ಕವನ್ನು ಮಾಡೋಣ. ತೆರೆಯನ್ನು ಪೂರ್ತಿ ತುಂಬುವ ಒಂದು ಕಿಟಕಿಯಲ್ಲಿ ೧೦,೪೯,೦೮೮ ಬಿಂದುಗಳು. ಪ್ರತಿಯೊಂದು ಬಿಂದುವಿನ ಬಣ್ಣವನ್ನು ನೆನಪಿಡಲು ೪ ಬೈಟುಗಳು ಬೇಕೆಂದು ಇಟ್ಟುಕೊಂಡರೆ ಒಂದು ಕಿಟಕಿಯ ಚಿತ್ರಕ್ಕೆ ಸುಮಾರು ೪೨ ಲಕ್ಷ ಬೈಟುಗಳು. ೧೨ ಕಿಟಕಿಗಳಿಗೆ ಸುಮಾರು ೫ ಕೋಟಿ. ೪ ಗಿಗಾಬೈಟ್ ಸ್ಮೃತಿಯ ಯಂತ್ರದಲ್ಲಿ ಸುಮಾರು ೪೨೯ ಕೋಟಿ ಬೈಟುಗಳಿವೆ. ಎಂದರೆ ೧೨ ಕಿಟಕಿಗಳ ಚಿತ್ರಗಳೂ ಸೇರಿ ನೂರರಲ್ಲಿ ಒಂದು ಪಾಲಿಗಿಂತ ಕೊಂಚ ಹೆಚ್ಚು ಸ್ಥಳವನ್ನು ಮಾತ್ರ ಬಳಸುತ್ತವೆ. ಭಾರವಿರುವುದು ಚಿತ್ರದಲ್ಲಲ್ಲ, ಕಿಟಕಿಯ ಹಿಂದೆ ನಡೆಯುವ ಕ್ರಮವಿಧಿಯಲ್ಲಿ. ಬ್ರೌಸರಿನಲ್ಲಿ ಮೂವತ್ತು ಪುಟಗಳನ್ನು ತೆರೆದಿಟ್ಟರೆ ಅವು ಒಂದೇ ಮೇಜಿನಲ್ಲಿದ್ದರೂ ನಾಲ್ಕರಲ್ಲಿದ್ದರೂ ಯಂತ್ರ ಏದುಸಿರು ಬಿಡುತ್ತದೆ. ಮೇಜುಗಳು ಹಗುರಗೊಳಿಸುವುದು ಯಂತ್ರವನ್ನಲ್ಲ, ಬಳಸುವವರ ಮನಸ್ಸನ್ನು.

ಕೆಲಸಕ್ಕೊಂದು ಮೇಜು

ಮನಸ್ಸಿನ ಭಾರವನ್ನೂ ಅಳೆದು ನೋಡಬಹುದು. ೧೯೫೬ರಲ್ಲಿ ಮನೋವಿಜ್ಞಾನಿ ಜಾರ್ಜ್ ಮಿಲ್ಲರನು ಮನುಷ್ಯನು ಒಮ್ಮೆಗೆ ಮನಸ್ಸಿನಲ್ಲಿ ಹಿಡಿದಿಡಬಲ್ಲ ಅಂಶಗಳು ಏಳರ ಆಸುಪಾಸಿನಲ್ಲಿವೆಯೆಂದು ಸೂಚಿಸಿದನು. ೨೦೦೧ರಲ್ಲಿ ನೆಲ್ಸನ್ ಕೋವನ್ ಎಂಬಾತನು ಅದನ್ನು ಪುನಃ ಪರಿಶೀಲಿಸಿ, ನಾಲ್ಕರ ಆಸುಪಾಸೆಂಬುದೇ ಹೆಚ್ಚು ಸರಿಯೆಂದು ವಾದಿಸಿದನು. ಹನ್ನೆರಡು ಕಿಟಕಿಗಳಲ್ಲಿ ಯಾವುದು ಎಲ್ಲಿದೆಯೆಂಬುದನ್ನು ನೆನಪಿಡುವುದು ಎರಡು ಮಿತಿಗಳನ್ನೂ ಮೀರಿದ ಕೆಲಸ.

ಹನ್ನೆರಡು ಕಿಟಕಿಗಳು ಒಂದೇ ಸಾಲಿನಲ್ಲಿದ್ದು ಬೇಕಾದುದನ್ನು ಒಂದೊಂದಾಗಿ ಹುಡುಕಬೇಕಾದರೆ ಸರಾಸರಿ ೬.೫ ನೋಟಗಳು ಬೇಕು. ೧ರಿಂದ ೧೨ರವರೆಗಿನ ಸಂಖ್ಯೆಗಳ ಸರಾಸರಿ ಅದೇ ತಾನೆ. ಅವನ್ನೇ ಮೂರು ಮೂರರಂತೆ ನಾಲ್ಕು ಮೇಜುಗಳಿಗೆ ಹಂಚಿದರೆ, ಮೇಜನ್ನು ಹುಡುಕಲು ಸರಾಸರಿ ೨.೫, ಮೇಜಿನೊಳಗೆ ಕಿಟಕಿಯನ್ನು ಹುಡುಕಲು ಸರಾಸರಿ ೨, ಒಟ್ಟು ೪.೫ ನೋಟಗಳು. ಇದು ಸಾಧಾರಣ ಲಾಭ. ಆದರೆ ಹತ್ತು ಸಲದಲ್ಲಿ ಒಂಬತ್ತು ಸಲ ನಮಗೆ ಬೇಕಾದುದು ಅದೇ ಮೇಜಿನಲ್ಲಿಯೇ ಇರುವಂತೆ ಹಂಚಿದ್ದೇವೆಂದು ಭಾವಿಸಿ. ಆಗ ಒಂಬತ್ತು ಸಲ ೨ ನೋಟಗಳು, ಒಂದು ಸಲ ೪.೫ ನೋಟಗಳು; ಸರಾಸರಿ ೨.೨೫. ೬.೫ ಎಲ್ಲಿ, ೨.೨೫ ಎಲ್ಲಿ! ಇದು ಸ್ಥೂಲವಾದ ಗಣನೆಯೇ ಆದರೂ ಒಂದು ಮುಖ್ಯ ಪಾಠವನ್ನು ಹೇಳುತ್ತದೆ: ಲಾಭವು ಮೇಜುಗಳ ಸಂಖ್ಯೆಯಿಂದ ಬರುವುದಿಲ್ಲ, ಹಂಚುವ ಕ್ರಮದಿಂದ ಬರುತ್ತದೆ.

ಹೊಸದಾಗಿ ಬಳಸುವವರು ಎಡವುವುದು ಇಲ್ಲಿಯೇ. ಅವರು ಬ್ರೌಸರುಗಳನ್ನೆಲ್ಲ ಒಂದು ಮೇಜಿನಲ್ಲಿ, ಬರೆಯುವ ಕಡತಗಳನ್ನೆಲ್ಲ ಇನ್ನೊಂದರಲ್ಲಿ, ಚಿತ್ರಗಳನ್ನೆಲ್ಲ ಮತ್ತೊಂದರಲ್ಲಿ ಇಡುತ್ತಾರೆ. ಇದು ದಿನಸಿ ಅಂಗಡಿಯ ಕ್ರಮ. ಅಲ್ಲಿ ಬೇಳೆಗಳು ಒಂದೆಡೆ, ಸಾಂಬಾರ ಪದಾರ್ಥಗಳು ಒಂದೆಡೆ ಇರುವುದು ಸರಿಯೇ. ಆದರೆ ಮದುವೆಮನೆಯ ಅಡುಗೆಯವನು ಹುಳಿ ಮಾಡುವಾಗ ಬೇಳೆ, ಹುಣಿಸೆಹಣ್ಣು, ಹುಳಿಪುಡಿ, ಒಗ್ಗರಣೆಯ ಸಾಮಾನು ಇವೆಲ್ಲವನ್ನೂ ಒಂದೇ ಒಲೆಯ ಬಳಿ ಇಟ್ಟುಕೊಳ್ಳುತ್ತಾನೆ. ಕಿಟಕಿಗಳನ್ನು ಜಾತಿಯಿಂದ ವಿಂಗಡಿಸಬಾರದು, ಕೆಲಸದಿಂದ ವಿಂಗಡಿಸಬೇಕು. ಜಾತಿಯಿಂದ ವಿಂಗಡಿಸಿದರೆ ಪ್ರತಿಯೊಂದು ಹೆಜ್ಜೆಗೂ ಮೇಜು ಬದಲಾಯಿಸಬೇಕಾಗಿ, ಸರಾಸರಿಯು ಪುನಃ ೪.೫ರತ್ತ ಏರುತ್ತದೆ.

ನನ್ನ ಯಂತ್ರದಲ್ಲಿ ಈಗ ನಾಲ್ಕು ಮೇಜುಗಳಿವೆ. ಮೊದಲನೆಯದು ‘ಪಾಠ’: ಪಠ್ಯಪುಸ್ತಕ, ಟಿಪ್ಪಣಿ, ತೋರಿಸಬೇಕಾದ ಚಿತ್ರ. ಎರಡನೆಯದು ‘ಕಾಲೇಜು’: ಅಂಕಗಳು, ಹಾಜರಿ, ಪತ್ರವ್ಯವಹಾರ. ಮೂರನೆಯದು ‘ಬರವಣಿಗೆ’: ಲೇಖನದ ಕಡತ ಮತ್ತು ನಿಘಂಟು. ನಾಲ್ಕನೆಯದು ‘ಮನೆ’: ವಿದ್ಯುತ್ ಬಿಲ್ಲು, ಬ್ಯಾಂಕು, ಪಿರಿಯಾಪಟ್ಟಣದಲ್ಲಿರುವ ಮಾವನವರ ಜಮೀನಿನ ಲೆಕ್ಕ. ದ್ವಿತೀಯ ಪಿ.ಯು.ಸಿ. ವಿದ್ಯಾರ್ಥಿಗೆ ಮೂರು ಸಾಕು: ಓದುತ್ತಿರುವ ವಿಷಯ ಒಂದರಲ್ಲಿ, ಸಿ.ಇ.ಟಿ. ಅರ್ಜಿ, ವಿದ್ಯಾರ್ಥಿವೇತನದ ಅರ್ಜಿ ಮತ್ತು ಅವುಗಳಿಗೆ ಬೇಕಾದ ಪ್ರಮಾಣಪತ್ರಗಳು ಇನ್ನೊಂದರಲ್ಲಿ. ಹಾಡು, ಆಟ, ಗೆಳೆಯರ ಮಾತು ಮೂರನೆಯದರಲ್ಲಿ. ಆರು ಮೇಜುಗಳಿಗಿಂತ ಹೆಚ್ಚು ಮಾಡಿಕೊಂಡರೆ ಮೇಜುಗಳನ್ನೇ ಹುಡುಕುವ ಹೊಸ ಕೆಲಸ ಹುಟ್ಟಿಕೊಳ್ಳುತ್ತದೆ.

ಬಳಸುವ ವಿಧಾನ

ವಿಂಡೋಸ್ ೧೦ ಅಥವಾ ವಿಂಡೋಸ್ ೧೧ ಇರುವ ಯಂತ್ರದಲ್ಲಿ ಹೀಗೆ ಮಾಡಿ. ಕೀಲಿಮಣೆಯಲ್ಲಿ ವಿಂಡೋಸ್ ಚಿಹ್ನೆಯ ಕೀಲಿ, ಕಂಟ್ರೋಲ್ ಕೀಲಿ ಮತ್ತು ‘ಡಿ’ ಅಕ್ಷರ ಈ ಮೂರನ್ನೂ ಒಟ್ಟಿಗೆ ಒತ್ತಿದರೆ ಹೊಸದೊಂದು ಮೇಜು ತೆರೆದುಕೊಳ್ಳುತ್ತದೆ. ಗಾಬರಿಪಡಬೇಡಿ; ನಿಮ್ಮ ಕಿಟಕಿಗಳು ಮಾಯವಾಗಿಲ್ಲ, ಹಿಂದಿನ ಮೇಜಿನಲ್ಲಿವೆ. ವಿಂಡೋಸ್ ಮತ್ತು ಕಂಟ್ರೋಲ್ ಕೀಲಿಗಳೊಡನೆ ಎಡಬಾಣವನ್ನೊತ್ತಿದರೆ ಎಡದ ಮೇಜಿಗೂ, ಬಲಬಾಣವನ್ನೊತ್ತಿದರೆ ಬಲದ ಮೇಜಿಗೂ ಹೋಗಬಹುದು. ವಿಂಡೋಸ್ ಮತ್ತು ಟ್ಯಾಬ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಎಲ್ಲ ಮೇಜುಗಳೂ ಚಿಕ್ಕದಾಗಿ ಕಾಣಿಸಿಕೊಳ್ಳುತ್ತವೆ. ಅಲ್ಲಿ ಕಿಟಕಿಯೊಂದನ್ನು ಮೌಸಿನಿಂದ ಹಿಡಿದೆಳೆದು ಬೇರೆ ಮೇಜಿನ ಮೇಲೆ ಬಿಡಬಹುದು. ಮೇಜಿನ ಹೆಸರಿನ ಮೇಲೆ ಒತ್ತಿ, ಕನ್ನಡದಲ್ಲಿಯೇ ‘ಪಾಠ’, ‘ಮನೆ’ ಎಂದು ಹೆಸರಿಡಬಹುದು. ಕಿಟಕಿಯ ಮೇಲೆ ಮೌಸಿನ ಬಲಗುಂಡಿಯನ್ನೊತ್ತಿದರೆ ಅದನ್ನು ಎಲ್ಲ ಮೇಜುಗಳಲ್ಲಿಯೂ ತೋರಿಸುವ ಆಯ್ಕೆ ಸಿಗುತ್ತದೆ. ಗಡಿಯಾರ, ನಿಘಂಟುಗಳಿಗೆ ಇದು ತಕ್ಕುದು. ವಿಂಡೋಸ್, ಕಂಟ್ರೋಲ್ ಮತ್ತು ‘ಎಫ್ ೪’ ಕೀಲಿಗಳನ್ನೊತ್ತಿದರೆ ಆ ಮೇಜು ಮುಚ್ಚಿಹೋಗುತ್ತದೆ. ಅದರ ಮೇಲಿದ್ದ ಕಿಟಕಿಗಳು ನಾಶವಾಗದೆ ಪಕ್ಕದ ಮೇಜಿಗೆ ಸೇರುತ್ತವೆ. ವಿಂಡೋಸ್ ೧೦ಕ್ಕೆ ತಯಾರಕರ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿದಿದ್ದರೂ ಹಳೆಯ ಯಂತ್ರಗಳಲ್ಲಿ ಈ ಏರ್ಪಾಡು ಎಂದಿನಂತೆಯೇ ಕೆಲಸ ಮಾಡುತ್ತದೆ.

ಲಿನಕ್ಸ್ ಮಿಂಟ್‌ನ ಸಿನಮನ್ ಆವೃತ್ತಿಯಲ್ಲಿ ನಾಲ್ಕು ಮೇಜುಗಳು ಮೊದಲಿಂದಲೇ ಸಿದ್ಧವಾಗಿರುತ್ತವೆ. ಕಂಟ್ರೋಲ್, ಆಲ್ಟ್ ಮತ್ತು ಎಡಬಲ ಬಾಣಗಳಿಂದ ಓಡಾಡಬಹುದು. ಮ್ಯಾಕ್ ಯಂತ್ರದಲ್ಲಿ ಕಂಟ್ರೋಲ್ ಮತ್ತು ಬಾಣದ ಕೀಲಿಗಳು ಇದೇ ಕೆಲಸವನ್ನು ಮಾಡುತ್ತವೆ.

ಮಿತಿಗಳು

ಯಾವ ಸಾಧನವನ್ನೇ ಆಗಲಿ ಅದರ ಮಿತಿಯನ್ನರಿಯದೆ ನಂಬಬಾರದು. ಇಲ್ಲಿ ನಾಲ್ಕು ಎಚ್ಚರಿಕೆಗಳು ಅವಶ್ಯ.

ಮೊದಲನೆಯದು, ಮೇಜು ಪರದೆಯೇ ಹೊರತು ಗೋಡೆಯಲ್ಲ. ಅದಕ್ಕೆ ಬೀಗವಿಲ್ಲ, ಎರಡು ಕೀಲಿಗಳನ್ನು ಬಲ್ಲ ಯಾರಾದರೂ ನಿಮ್ಮ ಎಲ್ಲ ಮೇಜುಗಳನ್ನೂ ನೋಡಬಹುದು. ಒಂದೇ ಯಂತ್ರವನ್ನು ಅಣ್ಣ, ತಂಗಿ, ತಂದೆ ಮೂವರೂ ಬಳಸುವ ಮನೆಗಳಲ್ಲಿ ಒಬ್ಬೊಬ್ಬರಿಗೂ ಗುಪ್ತಪದವುಳ್ಳ ಪ್ರತ್ಯೇಕ ಖಾತೆಯನ್ನು ತೆರೆಯಬೇಕು. ವ್ಯಕ್ತಿಗಳನ್ನು ಬೇರ್ಪಡಿಸಲು ಖಾತೆ. ಒಬ್ಬನ ಕೆಲಸಗಳನ್ನು ಬೇರ್ಪಡಿಸಲು ಮೇಜು.

ಎರಡನೆಯದು, ವಿದ್ಯುತ್ತು ಹೋಗಿ ಯಂತ್ರ ನಿಂತರೆ ವಿಂಡೋಸಿನಲ್ಲಿ ಮೇಜುಗಳೂ ಅವುಗಳ ಹೆಸರುಗಳೂ ಉಳಿಯುತ್ತವೆ. ಅವುಗಳ ಮೇಲೆ ಹರಡಿದ್ದ ಕಿಟಕಿಗಳು ಉಳಿಯುವುದಿಲ್ಲ. ಕಾಣದ ಮೇಜಿನಲ್ಲಿ ಉಳಿಸದೆ ಬಿಟ್ಟ ಕಡತವನ್ನು ಮರೆಯುವುದು ಬಹಳ ಸುಲಭ. ಆದುದರಿಂದ ಮೇಜು ಬದಲಾಯಿಸುವ ಮೊದಲು ಕಡತವನ್ನು ಉಳಿಸುವ ಅಭ್ಯಾಸ ಮಾಡಿಕೊಳ್ಳಬೇಕು.

ಮೂರನೆಯದು, ಪ್ರೊಜೆಕ್ಟರಿನಲ್ಲಿಯೂ, ದೂರದ ತರಗತಿಗೆ ಇಡೀ ತೆರೆಯನ್ನು ಹಂಚಿಕೊಂಡಾಗಲೂ, ನೀವು ಮೇಜು ಬದಲಾಯಿಸಿದರೆ ನೋಡುವವರಿಗೂ ಆ ಮೇಜು ಕಾಣುತ್ತದೆ. ಸಾಧ್ಯವಾದಾಗ ಇಡೀ ತೆರೆಯನ್ನು ಹಂಚದೆ ಒಂದು ಕಿಟಕಿಯನ್ನು ಮಾತ್ರ ಹಂಚುವುದು ಲೇಸು.

ನಾಲ್ಕನೆಯದನ್ನು ನಾನು ಎರಡನೆಯ ಸಲ ಎಡವಿ ಕಲಿತೆ. ನಾಲ್ಕು ಮೇಜುಗಳನ್ನು ಮಾಡಿಕೊಂಡು ನಿಶ್ಚಿಂತನಾಗಿ ಪಾಠ ಮಾಡುತ್ತಿರುವಾಗ ಗೋಡೆಯ ಮೂಲೆಯಲ್ಲಿ ಹೊಸ ಪತ್ರವೊಂದು ಬಂದ ಸೂಚನೆ ಮೂಡಿತು. ಪತ್ರ ಸಾಮಾನ್ಯದ್ದಾಗಿದ್ದುದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಆದರೆ ಸೂಚನೆಗಳು ಮೇಜಿನ ಎಲ್ಲೆಯನ್ನು ಲೆಕ್ಕಿಸುವುದಿಲ್ಲವೆಂಬುದು ಸ್ಪಷ್ಟವಾಯಿತು. ಅಂದಿನಿಂದ ಪ್ರೊಜೆಕ್ಟರಿನ ತಂತಿಯನ್ನು ಚುಚ್ಚುವ ಮೊದಲು ಸೂಚನೆಗಳನ್ನು ನಿಲ್ಲಿಸುತ್ತೇನೆ. ಇತರರ ಹೆಸರು, ಅಂಕ, ಶುಲ್ಕಗಳಿರುವ ಕಡತವನ್ನು ಬೇರೆ ಮೇಜಿನಲ್ಲಿ ಬಚ್ಚಿಡುವುದಲ್ಲ, ಮುಚ್ಚಿಯೇಬಿಡುತ್ತೇನೆ. ಪರ್ಯಾಯವಾಗಿ ಮೇಜು ಇದೆಯೆಂದು ಎಚ್ಚರ ತಪ್ಪಬಾರದು.

ಮಾಡಿ ನೋಡಿ

ವಿದ್ಯಾರ್ಥಿಗಳು ಒಂದು ಚಿಕ್ಕ ಪ್ರಯೋಗವನ್ನು ಮಾಡಬಹುದು. ಒಂದು ಸಂಜೆ ಅರ್ಧ ಗಂಟೆ ಎಂದಿನಂತೆ ಒಂದೇ ಮೇಜಿನಲ್ಲಿ ಕೆಲಸ ಮಾಡಿ. ಬೇಕಾದ ಕಿಟಕಿಯನ್ನು ಹುಡುಕುವಾಗ ತಪ್ಪು ಕಿಟಕಿ ತೆರೆದಾಗಲೆಲ್ಲ ಕಾಗದದ ಮೇಲೆ ಒಂದು ಗೆರೆ ಎಳೆಯಿರಿ. ಮಾರನೆಯ ಸಂಜೆ ಅದೇ ಬಗೆಯ ಕೆಲಸವನ್ನು ಮೂರು ಮೇಜುಗಳಿಗೆ ಹಂಚಿಕೊಂಡು ಅರ್ಧ ಗಂಟೆ ಮಾಡಿ, ಪುನಃ ಗೆರೆ ಎಳೆಯಿರಿ. ಮೊದಲ ದಿನದ ಹೊಸತನದಿಂದ ಎಣಿಕೆ ಏರುಪೇರಾಗಬಹುದಾದುದರಿಂದ ಪ್ರಯೋಗವನ್ನು ಒಂದು ವಾರ, ದಿನ ಬಿಟ್ಟು ದಿನ, ಮುಂದುವರಿಸಿ ಸರಾಸರಿಯನ್ನು ತೆಗೆಯಿರಿ. ಸರಳ ಲೋಲಕದ ಆಂದೋಲನಗಳನ್ನು ಎಣಿಸುವಾಗ ನಾವು ಇಪ್ಪತ್ತು ಆಂದೋಲನಗಳನ್ನು ತೆಗೆದುಕೊಳ್ಳುವುದೂ ಇದೇ ಕಾರಣಕ್ಕೆ. ನಿಮ್ಮ ಎಣಿಕೆಯಲ್ಲಿ ಮೇಜುಗಳಿಂದ ಲಾಭ ಕಾಣದಿದ್ದರೆ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಿ: ಹಂಚಿದ್ದು ಕೆಲಸದ ಪ್ರಕಾರವೋ ಜಾತಿಯ ಪ್ರಕಾರವೋ? ತೆರೆದ ಕಿಟಕಿಗಳು ನಾಲ್ಕೈದೇ ಆಗಿದ್ದುವೋ? ಕಿಟಕಿಗಳೇ ಕಡಮೆಯಿದ್ದರೆ ಒಂದು ಮೇಜೇ ಸಾಕು. ಇಲ್ಲದ ಇಕ್ಕಟ್ಟಿಗೆ ಔಷಧ ಬೇಕಿಲ್ಲ.

ಈ ವರ್ಷ ನಿಮ್ನ ದರ್ಪಣದ ಪಾಠ ಪುನಃ ಬಂದಿತು. ವಸ್ತುವನ್ನು ದರ್ಪಣಕ್ಕೂ ಸಂಗಮಬಿಂದುವಿಗೂ ನಡುವೆ ಇಟ್ಟಾಗ ಮಿಥ್ಯಾ ಪ್ರತಿಬಿಂಬವು ನೆಟ್ಟಗೆ, ದೊಡ್ಡದಾಗಿ ಮೂಡುವುದನ್ನು ಗೋಡೆಯ ಮೇಲೆ ತೋರಿಸಿದೆ. ಗೋಡೆಯ ಮೇಲೆ ಅದೊಂದೇ ಇತ್ತು.